ನೆಲ ಕುಸಿಯುತ್ತದೆ ಎಂದರು

‘ಮ್ಯಾಲ ಹೋಗಬ್ಯಾಡ್ರಿ, ನೆಲ ಕುಸೀತದ’ ಎಂಬ ಮಾತನ್ನು ಕೇಳುತ್ತ ನಾನು ಆ ಮನೆಯಲ್ಲಿ ದೊಡ್ಡವಳಾದೆ. ಮೊದಲು ಅಪ್ಪ ಹೇಳುತ್ತಿದ್ದ, ಅಪ್ಪ ಹೋದ ಮೇಲೆ ಅಣ್ಣ ಹೇಳಿದ. ಕೇಳಿ ಕೇಳಿ ಎಲ್ಲರಿಗೂ ಅದು ನಿಜವೇ ಆಗಿಬಿಟ್ಟಿತ್ತು. ಒಪ್ಪದೆ ಉಳಿದವಳು ಅತ್ತೆ ಒಬ್ಬಳೇ. ಅತ್ತೆ ಎಂದರೆ ಅಪ್ಪನ ಅಕ್ಕ, ಗಂಗಮ್ಮ. ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಅತ್ತು ಮುಗಿಯಿತು ಅಂದುಕೊಂಡ ಮೇಲೂ ಎದೆಯಲ್ಲಿ ಏನೋ ಉರಿಯುತ್ತಲೇ ಇತ್ತು. ಅದು ಸಿಟ್ಟು ಎಂದು ಗೊತ್ತಾಗಲು ಕೆಲವು ದಿನ ಹಿಡಿಯಿತು, ಯಾಕೆಂದರೆ ನಮ್ಮ ಮನೆಯಲ್ಲಿ ಸಿಟ್ಟು ಮಾಡುವುದು ಗಂಡಸರ ಕೆಲಸವಾಗಿತ್ತು.

ನಮ್ಮೂರು ಗಡಿಯಾಚೆಯ ಮರಾಠಿ ಸೀಮೆಯಲ್ಲಿ, ನಿಲಂಗಾದಿಂದ ಉಮರ್ಗಾ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ನಮ್ಮದು ಪಾಟೀಲರ ವಾಡೆ. ನಿಜಾಮನ ಕಾಲದಲ್ಲಿ ಕಟ್ಟಿದ್ದು, ಕರಿಕಲ್ಲಿನ ಗೋಡೆ, ಸಾಗವಾನಿ ಕಂಬ, ಮಣ್ಣಿನ ಮಾಳಿಗೆ. ಎತ್ತಿನ ಬಂಡಿ ಒಳಗೆ ಬರುವಷ್ಟು ಅಗಲದ ಬಾಗಿಲು, ಅಂಗಳ, ಅದರ ಮೂರು ಕಡೆ ಪಡಸಾಲೆ, ಹಿಂದೆ ದನದ ಕೊಟ್ಟಿಗೆ. ಪಡಸಾಲೆಯ ಮೂಲೆಯಲ್ಲಿ ಕಟ್ಟಿಗೆಯ ಮೆಟ್ಟಿಲು. ಹತ್ತಿ ತಲೆಯಿಂದ ಹಲಗೆಯ ಮುಚ್ಚಳ ದೂಡಿದರೆ ಮೇಲಿನ ಮನೆ. ಮೂರು ಕೋಣೆ, ಒಂದರೊಳಗಿಂದ ಒಂದು. ಮೊದಲನೆಯದರಲ್ಲಿ ಹುಣಸೆಹಣ್ಣು, ಉಳ್ಳಾಗಡ್ಡಿ, ಬೆಳ್ಳುಳ್ಳಿಯ ಗೊಂಚಲು, ವರ್ಷಕ್ಕೊಮ್ಮೆ ಇಳಿಯುವ ತಾಮ್ರದ ಹಂಡೆಗಳು. ನಡುವಿನದು ಅತ್ತೆಯದು. ಕಡೆಯದಕ್ಕೆ ಹಿರಿಯರ ಕೋಣೆ ಎನ್ನುತ್ತಿದ್ದರು. ರಜಾಕಾರರ ಗದ್ದಲದಲ್ಲಿ ಮನೆಯ ಹೆಂಗಸರು ಅಲ್ಲಿ ಅಡಗಿ ಕೂತಿದ್ದರಂತೆ. ಅದರ ಹಿಂಗೋಡೆಯಲ್ಲಿ ಬಗ್ಗಿ ದಾಟುವಂಥ ಗಿಡ್ಡ ಬಾಗಿಲೊಂದಿತ್ತು. ದಾಟಿದರೆ ಕೊಟ್ಟಿಗೆಯ ಮಾಳಿಗೆ, ಅಲ್ಲಿಂದ ಇಳಿದರೆ ಹೊಲ. ಮಕ್ಕಳಾದ ನಾವು ಆ ಬಾಗಿಲಿಗೆ ಕಿವಿ ಹಚ್ಚಿ ಕೆಳಗೆ ಎಮ್ಮೆ ಮೆಲುಕು ಹಾಕುವುದನ್ನು ಕೇಳುತ್ತಿದ್ದೆವು.

ಅತ್ತೆಯ ಗಂಡ ಮದುವೆಯಾದ ಸ್ವಲ್ಪ ದಿನಕ್ಕೇ ತೀರಿಕೊಂಡನಂತೆ. ಅಜ್ಜ ಹೋಗಿ ಮಗಳನ್ನು ಕರೆತಂದ. ಊರ ನಾಲ್ಕು ಮಂದಿಯ ಎದುರು, ‘ಮ್ಯಾಲಿನ ಮನಿ ಗಂಗೀದು. ಆಕಿ ಇರೂತನಾ ಯಾರೂ ಕೇಳಂಗಿಲ್ಲ’ ಎಂದು ಹೇಳಿದ. ಅತ್ತೆ ಅಲ್ಲಿ ಸುಮ್ಮನೆ ಕೂತವಳಲ್ಲ. ಬೆಳಗಿನ ಜಾವ ಎಲ್ಲರಿಗಿಂತ ಮೊದಲು ಎದ್ದು, ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ ಕೆಳಗೆ ಬಂದು ಇಡೀ ಮನೆಗೆ ರೊಟ್ಟಿ ಬಡಿಯುತ್ತಿದ್ದಳು. ಮಧ್ಯಾಹ್ನ ಮೇಲೆ ಹೋಗಿ ಹಳೆ ಸೀರೆ ಹರಿದು ಕೌದಿ ಹೊಲಿಯುತ್ತಿದ್ದಳು. ಓಣಿಯ ಹೆಂಗಸರು ತಮ್ಮ ತಮ್ಮ ಹಳೆಬಟ್ಟೆ ಹಿಡಿದು ಮೇಲೆ ಹತ್ತುತ್ತಿದ್ದರು. ಕೌದಿಗೆ ಮೂಲೆ ಹಚ್ಚುವಾಗ ಆಕೆಯ ಕೈ ಬೇಕು ಎನ್ನುವುದು ನೆಪ. ಆ ಕೋಣೆಯಲ್ಲಿ ಕೂತು ಅವರು ಅತ್ತೆಮಾವಂದಿರನ್ನು ಬೈಯಬಹುದಿತ್ತು, ನಗಬಹುದಿತ್ತು, ಕಾಲು ಚಾಚಿ ಮಲಗಬಹುದಿತ್ತು. ಊರಲ್ಲಿ ಹೆಂಗಸರು ಕಾಲು ಚಾಚಿದ್ದನ್ನು ನಾನು ನೋಡಿದ್ದು ಅಲ್ಲಿ ಮಾತ್ರ.

ನಾನು ಓದಿದ್ದು ಮರಾಠಿ ಶಾಲೆ, ಹತ್ತನೆಯವರೆಗೆ. ಕನ್ನಡ ಅಕ್ಷರ ಕಲಿಸಿದವಳು ಅತ್ತೆ. ಶಾಲೆಯಿಂದ ಬಂದು ಪಾಟಿಚೀಲ ಬಿಸಾಕಿ ಮೇಲೆ ಓಡುತ್ತಿದ್ದೆ. ಅಂಗೈಯಲ್ಲಿ ಶೇಂಗಾ ಹಿಂಡಿ ಸವರಿದ ತಂಗಳ ರೊಟ್ಟಿಯ ಸುರುಳಿ ಇಟ್ಟು, ನೆಲದ ಮೇಲೆ ಒಲೆಯ ಬೂದಿ ಹರಡಿ, ನನ್ನ ಬೆರಳು ಹಿಡಿದು ಬರೆಸುತ್ತಿದ್ದಳು. ತಪ್ಪಾದರೆ ಅಂಗೈಯಿಂದ ಸವರಿ ಸಪಾಟು ಮಾಡುತ್ತಿದ್ದಳು. ರೊಟ್ಟಿಗೂ ಅಷ್ಟು ಬೂದಿ ಹತ್ತುತ್ತಿತ್ತು, ತಿನ್ನುತ್ತಿದ್ದೆ.

“ಸಾಲಿ ಭಾಷಾ ಹೊಟ್ಟೀಗೆ ಇರ್ಲಿ. ಇದು ಜಗಳಾ ಆಡ್ಲಿಕ್ಕ ಬೇಕಾಗ್ತದ.”

“ಯಾರ ಜೋಡಿ ಜಗಳ, ಅತ್ತಿ?”

“ತಡಿ, ಬರ್ತಾರ. ಹೆಣ್ಣು ಹುಟ್ಟೀದಿ, ಅಂಥಾ ಮಂದೀಗಿ ಕಮ್ಮಿ ಏನದ?”

ಅಪ್ಪನಿಗೆ ಇದೆಲ್ಲ ಸೇರುತ್ತಿರಲಿಲ್ಲ. ಹೆಂಗಸರು ಅಂಗಳ ದಾಟಿ ಮೆಟ್ಟಿಲು ಹತ್ತುವಾಗ ಅವನು ಪಡಸಾಲೆಯಲ್ಲಿ ಕೂತು ಕೆಮ್ಮುತ್ತಿದ್ದ.

“ಇದು ವಾಡೆ ಅದನೋ ಬಸ್‌ಸ್ಟ್ಯಾಂಡ ಅದನೋ?”

ಮೇಲಿನಿಂದ ಅತ್ತೆಯ ದನಿ ಇಳಿಯುತ್ತಿತ್ತು: “ತಿಕೀಟ ಇಲ್ಲೋ ತಮ್ಮಾ, ನೀನೂ ಬಾ.”

ಹೆಂಗಸರು ಬಾಯಿಗೆ ಸೆರಗು ಹಿಡಿಯುತ್ತಿದ್ದರು. ಅಪ್ಪನ ಕಣ್ಣು ನನ್ನ ಮೇಲೆ ಬೀಳುತ್ತಿತ್ತು. ನಾನೂ ನಕ್ಕಿದ್ದರೆ, ‘ಗಪ್ ಬಸ್’ ಎಂದು ಮರಾಠಿಯಲ್ಲಿ ಗದರುತ್ತಿದ್ದ. ಬಾಯಿ ಮುಚ್ಚಿ ಕೂಡು ಎಂಬರ್ಥದ ಆ ಎರಡು ಶಬ್ದ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಬಿದ್ದಷ್ಟು ಏಟು ದನಗಳಿಗೂ ಬಿದ್ದಿರಲಿಕ್ಕಿಲ್ಲ. ಸುಗ್ಗಿ ಬಂತೆಂದರೆ ಅಪ್ಪನ ಜಗಳ ಬೇರೆ ರೂಪ ತಾಳುತ್ತಿತ್ತು. ಕೆಳಗೆ ಜೋಳ, ತೊಗರಿ ಇಡಲು ಜಾಗ ಸಾಲದು, ಮೇಲೆ ಮೂರು ಕೋಣೆ ಒಬ್ಬಳಿಗೆ ಯಾಕೆ? ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, ‘ನಾ ಸತ್ತ ಮ್ಯಾಲ ತುಂಬಕೋ, ಯಾರು ಬ್ಯಾಡ ಅಂತಾರ’ ಎನ್ನುತ್ತಿದ್ದಳು. ಅವ್ವ ಇಬ್ಬರ ಮಾತೂ ಕೇಳದವಳಂತೆ ಒಲೆಗೆ ಕಟ್ಟಿಗೆ ದೂಡುತ್ತಿದ್ದಳು.

ಭೂಕಂಪ ಆದದ್ದು ಗಣಪತಿ ಕಳಿಸಿ ಊರೆಲ್ಲ ದಣಿದು ಮಲಗಿದ್ದಾಗ. ಬೆಳಗಿನ ಜಾವ. ಸಾಸ್ತೂರದ ಕಡೆ ಎಷ್ಟೋ ಮನೆಗಳು ಮಲಗಿದ್ದವರ ಮೇಲೆಯೇ ಕುಳಿತವು. ನಮ್ಮೂರಲ್ಲಿ ಗೋಡೆಗಳು ಬಿರಿದವು, ವಾಡೆಯ ಮುಂಬಾಗಿಲ ಕಮಾನು ಕಳಚಿ ಬಿತ್ತು. ಸಾಗವಾನಿ ಕಂಬಗಳ ಮೇಲೆ ನಿಂತಿದ್ದ ಒಳಮನೆ ಅಲುಗಾಡಿ ಹಾಗೇ ನಿಂತಿತು. ಅತ್ತೆ ಆಗಲೇ ಸ್ನಾನ ಮಾಡಿ ಪೂಜೆಗೆ ಕೂತಿದ್ದಳು. ನಮ್ಮವರಲ್ಲಿ ಹುಟ್ಟಿದ ಕೂಸಿಗೇ ಲಿಂಗ ಕಟ್ಟುತ್ತಾರೆ. ಅದು ಸಾಯುವತನಕ ಮೈಬಿಟ್ಟು ಹೋಗಬಾರದು, ಸತ್ತ ಮೇಲೂ ಎಡಗೈಯಲ್ಲಿ ಅದನ್ನೇ ಇಟ್ಟು ಮಣ್ಣು ಮಾಡುತ್ತಾರೆ. ಪೂಜೆಯ ಹೊತ್ತಿಗೆ ಮಾತ್ರ ಕರಡಿಗೆಯಿಂದ ಹೊರಗೆ ತೆಗೆದು ಎಡಗೈಯಲ್ಲಿ ಹಿಡಿಯುವುದು. ಅತ್ತೆ ಹಾಗೆ ಹಿಡಿದು ಕೂತಿದ್ದಾಗ ಅಪ್ಪ ಮೇಲೆ ಓಡಿ ಹೋಗಿ ಅವಳ ಕೈ ಹಿಡಿದು ಎಳೆದುಕೊಂಡು ಬಂದ. ಎಳೆದದ್ದು ಎಡಗೈಯನ್ನೇ, ಲಿಂಗ ಅಲ್ಲೇ ಎಲ್ಲೋ ಉರುಳಿಹೋಯಿತು. ಅದಕ್ಕಾಗಿ ನಾನು ಅಪ್ಪನನ್ನು ಬೈಯುವುದಿಲ್ಲ. ಅವನು ಜೀವದ ಆಸೆ ಬಿಟ್ಟು ಮೇಲೆ ಹೋದವನು, ಅಕ್ಕನನ್ನು ಉಳಿಸಿದವನು. ನನ್ನ ಸಿಟ್ಟು ಶುರುವಾಗುವುದು ಮರುದಿನದಿಂದ.

ಮರುದಿನ ನಾವೆಲ್ಲ ಹೊಲದಲ್ಲಿ ತಗಡಿನ ಪತ್ರಾಸ್ ಕಟ್ಟಿದ ನೆರಳಲ್ಲಿ ಕೂತಿದ್ದೆವು. ಅತ್ತೆ ಬಾಯಿಗೆ ನೀರು ಹಾಕಿರಲಿಲ್ಲ. ಲಿಂಗ ಇಲ್ಲದೆ ಹಾಕುವಂತಿರಲಿಲ್ಲ.

“ತಮ್ಮಾ, ಒಂದ್ಸಲ ಮ್ಯಾಲ ಹೋಗಿ ಬರ್ತೀನಿ. ಮಣೀ ಹಂತೇಕ ಬಿದ್ದದ. ಹುಡುಕಿ ತಂದಬಿಡ್ತೀನಿ.”

“ನೆಲ ಕುಸೀತದ.”

“ಕುಸದ್ರ ನಾ ಹೋಗ್ತೀನಿ. ನಿಂದೇನ ಹೋಗ್ತದ?”

“ಮಂದಿ ನನಗ ಅಂತಾರ. ಗಪ್ ಬಸ್.”

ತನಗಿಂತ ಹಿರಿಯಳಾದ ಅಕ್ಕನಿಗೆ ಅವನು ಹಾಗೆ ಅಂದದ್ದು ಅದೇ ಮೊದಲು. ಕಡೆಗೆ ಮಠದ ಅಯ್ಯನವರು ಬಂದು, ಆಪತ್ತಿನಲ್ಲಿ ಕಳೆದದ್ದಕ್ಕೆ ದೋಷವಿಲ್ಲ ಎಂದು ಸಮಾಧಾನ ಹೇಳಿ, ಹೊಸ ಲಿಂಗ ಕೊಟ್ಟರು. ಅತ್ತೆ ತಲೆಬಾಗಿ ತೆಗೆದುಕೊಂಡಳು, ಅಂದು ಅಂಬಲಿ ಕುಡಿದಳು. ಅದನ್ನು ಬಿಳಿ ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಳು, ಬೆಳ್ಳಿಯ ಕರಡಿಗೆಯಲ್ಲಿ ಇಡಲಿಲ್ಲ.

“ಇದು ಮಗ್ಗಲ ಮನಿ ಕೂಸು ಇದ್ದಂಗ ಅದ, ನೀಲಾ. ಜ್ವಾಕಿ ಮಾಡ್ತೀನಿ, ಯಾಕ ಮಾಡಂಗಿಲ್ಲ? ಖರೆ ನಂದು ಮ್ಯಾಲ ಅದ.”

ನಾವು ಮನೆಗೆ ಮರಳುವಷ್ಟರಲ್ಲಿ ಅಪ್ಪ ಮೆಟ್ಟಿಲು ಕೀಳಿಸಿದ್ದ. ಮುಚ್ಚಳಕ್ಕೆ ಬೀಗ ಬಿದ್ದಿತ್ತು. ಅಡುಗೆಮನೆಯ ಬಗಲಿಗೆ ಕುಳ್ಳು ಇಡುತ್ತಿದ್ದ ಕೋಣೆಯನ್ನು ಸಾರಿಸಿ ಅತ್ತೆಗೆ ಕೊಟ್ಟರು. ಅಲ್ಲಿ ಕೌದಿ ಹರಡಲು ಜಾಗವಿರಲಿಲ್ಲ. ಓಣಿಯ ಹೆಂಗಸರು ಬರುವುದು ನಿಂತಿತು, ಯಾಕೆಂದರೆ ಆ ಕೋಣೆಗೆ ಅಪ್ಪನ ಮುಂದೆ ಹಾದು ಹೋಗಬೇಕಿತ್ತು, ಕೂತರೆ ಅವನಿಗೆ ಎಲ್ಲ ಕೇಳಿಸುತ್ತಿತ್ತು. ಅತ್ತೆ ಬಿಡಲಿಲ್ಲ. ಸುಗ್ಗಿಗೊಮ್ಮೆ, ಹಬ್ಬಕ್ಕೊಮ್ಮೆ, ಅಪ್ಪ ಒಳ್ಳೆಯ ಮುಖದಲ್ಲಿರುವುದನ್ನು ನೋಡಿ ಕೇಳುತ್ತಿದ್ದಳು. ಉತ್ತರ ಅದೇ. ಅವಳು ಕೇಳುವ ದನಿ ವರ್ಷವರ್ಷವೂ ತಗ್ಗಿತು. ಮಾತಿಗೆ ಮಾತು ಕೊಡುತ್ತಿದ್ದ ಹೆಂಗಸು ನನ್ನ ಕಣ್ಣೆದುರೇ ಬೇಡುವವಳಾದಳು. ನಾನು ಮಾತು ಕಡಿಮೆ ಇರುವವಳು ಎಂದು ಉದಗೀರದ ನನ್ನ ಗಂಡನ ಮನೆಯಲ್ಲಿ ಮೆಚ್ಚುತ್ತಾರೆ. ಒಳ್ಳೆಯ ಗುಣ ಎನ್ನುತ್ತಾರೆ. ಅದು ಗುಣವಲ್ಲ, ಆ ಪಡಸಾಲೆಯಲ್ಲಿ ಕೂತು ಕಲಿತ ಹೆದರಿಕೆ.

ಅಪ್ಪ, ಅವ್ವ ಹೋದ ಮೇಲೆ ಮನೆ ಅಣ್ಣನ ಕೈಗೆ ಬಂತು. ನಾವು ಅವನಿಗೆ ದಾದಾ ಎನ್ನುತ್ತೇವೆ. ದಾದಾ ಕೊಟ್ಟಿಗೆ ಕೆಡವಿ, ಅಲ್ಲಿ ಸ್ಲ್ಯಾಬ್ ಹಾಕಿದ ಗೋದಾಮು ಕಟ್ಟಿಸಿದ. ಅತ್ತೆಗೆ ಆಗಲೇ ಮೊಣಕಾಲು ಹಿಡಿದು, ಕಣ್ಣು ಮಂಜಾಗಿ, ಹಿತ್ತಲಿಗೆ ಹೋಗುವುದೂ ಕಷ್ಟವಾಗಿತ್ತು. ನಾನು ತವರಿಗೆ ಹೋದಾಗಲೆಲ್ಲ ಒಂದೇ ಮಾತು.

“ಮ್ಯಾಲ ಯಾರೋ ಅಡ್ಡಾಡ್ತಾರ, ನೀಲಾ. ಭಾರ ಹೊತ್ತವರ ಹೆಜ್ಜಿ ಅವು. ಕೇಳ್ತದ ನನಗ.”

ದಾದಾ ಹೊರಗಿನಿಂದಲೇ ನಗುತ್ತಿದ್ದ. “ಇಲಿ ಅವ ಇಲಿ. ಆಕೀ ತಲ್ಯಾಗ ಹುಳಾ ಹೊಕ್ಕಾವ.”

“ಇಲಿ ಏದುಸಿರು ಬಿಡ್ತಾವೇನೋ ಬಸ್ಯಾ?” ಎಂದಿದ್ದಳು ಅತ್ತೆ ಒಮ್ಮೆ, ದಾದಾನ ಹೆಸರು ಹಿಡಿದು. ಆ ಮಾತನ್ನು ಅವನು ಬಂದವರ ಮುಂದೆಲ್ಲ ಹೇಳಿ ನಗಿಸಿದ. ಮುದುಕಿಗೆ ಭ್ರಮೆ ಎಂದು ಡಾಕ್ಟರರಿಗೆ ಹೇಳಿ ಗುಳಿಗೆ ಬರೆಸಿ ತಂದ. ಗುಳಿಗೆ ನುಂಗಿದ ಅತ್ತೆ ಮಧ್ಯಾಹ್ನವೆಲ್ಲ ಬಾಯಿ ತೆರೆದು ಮಲಗುತ್ತಿದ್ದಳು. ಎಚ್ಚರವಾದಾಗ ಮಾಳಿಗೆಯ ಕಡೆ ಮುಖ ಮಾಡಿ ಕಿವಿಗೊಡುತ್ತಿದ್ದಳು.

ಅವಳು ಹೋದ ಸುದ್ದಿ ಬೆಳಗ್ಗೆ ಬಂತು. ಉದಗೀರದಿಂದ ನಿಲಂಗಾಕ್ಕೆ, ಅಲ್ಲಿಂದ ಊರಿಗೆ ಹೋಗಿ ಮುಟ್ಟುವಾಗ ಹೊತ್ತು ಏರಿತ್ತು. ಅತ್ತೆಯನ್ನು ಪಡಸಾಲೆಯ ಗೋಡೆಗೆ ಆನಿಸಿ ಪದ್ಮಾಸನ ಹಾಕಿಸಿ ಕೂರಿಸಿದ್ದರು. ಹಣೆಗೆ, ತೋಳಿಗೆ ವಿಭೂತಿ. ಭಜನೆಯವರು ಹಾಡುತ್ತಿದ್ದರು. ಹೊಲದಲ್ಲಿ ಕುಣಿ ತೋಡಿ ಆಗಿತ್ತು. ನಾನು ಅವಳ ಕಾಲು ಮುಟ್ಟಿದೆ. ಕಾಲ ಮುಂದೆ ಕೂತಿದ್ದವಳಿಗೆ ಮೇಲಿನ ಬೀಗ ಕಂಡಿತು, ಅವಳ ತಲೆಯ ನೇರಕ್ಕೇ ಇತ್ತು ಅದು. ಎದ್ದು ದಾದಾನ ಹತ್ತಿರ ಹೋದೆ.

“ಮ್ಯಾಲಿನ ಕೀಲಿ ಕೊಡು. ಆಕೀ ಲಿಂಗ ತರ್ತೀನಿ.”

“ಹುಚ್ಚಿ ಆಗೀಯೇನು? ಕೊರಳಾಗ ಒಂದು ಅದಲ್ಲ. ನೆಲ ಕುಸೀತದ.”

“ಕೀಲಿ ಕೊಡು.”

“ಕಳದದ. ಅಪ್ಪನ ಕಾಲದಾಗ ಕಳದದ. ಹೋಗು, ಹೆಂಗಸರಾಗ ಕೂಡು.”

ಹೋಗಿ ಹೆಂಗಸರಲ್ಲಿ ಕೂಡುವುದೇ ನನ್ನ ಅಭ್ಯಾಸ. ಅಂದು ಕಾಲು ಅತ್ತ ಹೋಗಲಿಲ್ಲ. ಎದುರು ಓಣಿಯಲ್ಲಿ ಬೀರಪ್ಪನ ಗುಡಿಯ ಮಗ್ಗುಲಿಗೆ ಲಕ್ಕವ್ವನ ಮನೆ. ಕುರಿ ಸಾಕುವವರು. ಅತ್ತೆಯ ಕೋಣೆಯಲ್ಲಿ ಕಾಲು ಚಾಚಿ ಮಲಗುತ್ತಿದ್ದವರಲ್ಲಿ ಬದುಕಿ ಉಳಿದವಳು ಅವಳೊಬ್ಬಳೇ. ನಿಚ್ಚಣಿಕೆ ಬೇಕು ಎಂದೆ. ಯಾಕೆ ಎಂದು ಕೇಳಲಿಲ್ಲ. ನಿಚ್ಚಣಿಕೆಯ ಒಂದು ತುದಿ ತಾನು ಹಿಡಿದು ಕೊಡಲಿಯನ್ನೂ ತಂದಳು. ಎಲ್ಲರ ನಡುವೆ ನಿಚ್ಚಣಿಕೆಯನ್ನು ಮುಚ್ಚಳದ ಅಂಚಿಗೆ ಆನಿಸಿ ಬುಡಕ್ಕೆ ಕಾಲು ಕೊಟ್ಟು ನಿಂತಳು.

“ಹತ್ತು. ಬಿದ್ದರ ಇಬ್ಬರಿಗೂ ಒಂದೇ ಕುಣಿ ಆಗ್ತದ, ತೋಡವರಿಗಿ ತ್ರಾಸ ಇಲ್ಲ.”

ಭಜನೆ ನಿಂತಿತು. ದಾದಾ ಬಂದು ನಿಚ್ಚಣಿಕೆಗೆ ಕೈ ಹಾಕಿದ. ಲಕ್ಕವ್ವ, ‘ಹೆಣದ ಮುಂದ ಹೆಣ್ಣಮಗಳನ್ನ ಕೆಡವ್ತೀಯೇನೋ ಪಾಟೀಲ?’ ಎಂದಳು. ಅವನ ಕೈ ಹಿಂದೆ ಸರಿಯಿತು. ನಾನು ಕೊಡಲಿಯ ಹಿಂಬದಿಯಿಂದ ಬೀಗಕ್ಕೆ ಹೊಡೆದೆ. ತುಕ್ಕು ತಿಂದ ಕೊಂಡಿ ಬಹಳ ಹೊತ್ತು ತಡೆಯಲಿಲ್ಲ.

ಮೊದಲ ಕೋಣೆ ನಾನು ನೆನೆದಂತೆಯೇ ಇತ್ತು. ಹುಣಸೆ ಕಪ್ಪಾಗಿ ಕಲ್ಲಾಗಿತ್ತು, ಹಂಡೆಗಳ ಮೇಲೆ ದಪ್ಪ ಧೂಳು, ಗಿಳಿಗೂಟದಲ್ಲಿ ಬೆಳ್ಳುಳ್ಳಿಯ ಒಣ ಸಿಪ್ಪೆ ತೂಗುತ್ತಿತ್ತು. ಹೆಜ್ಜೆ ಇಡಲು ಹೆದರಿ ಗೋಡೆ ಹಿಡಿದು ನಡೆದೆ. ನಡುವಿನ ಬಾಗಿಲು ದೂಡಿದೆ. ಪೂರ್ತಿ ತೆರೆಯಲಿಲ್ಲ, ಒಳಗಿನಿಂದ ಏನೋ ಒತ್ತಿ ನಿಂತಿತ್ತು. ಸಂದಿಯಲ್ಲಿ ಮೈ ತೂರಿಸಿದೆ. ಅತ್ತೆಯ ಕೋಣೆಯ ತುಂಬ ಚೀಲಗಳು. ಸೋಯಾಬೀನಿನ ಚೀಲಗಳು, ನೆಲದಿಂದ ಆಳೆತ್ತರಕ್ಕೆ ಒಂದರ ಮೇಲೊಂದು ಒಟ್ಟಿದ್ದವು. ಕೆಲವು ಹಳೆಯವು, ಕೆಲವು ಹೋದ ಸುಗ್ಗಿಯವು, ಹೊಲಿದ ದಾರ ಇನ್ನೂ ಬೆಳ್ಳಗಿತ್ತು. ಅವುಗಳ ಮೇಲೆ ಹತ್ತಿ ಆಚೆ ಇಳಿದು ಹಿರಿಯರ ಕೋಣೆಗೆ ಹೋದೆ. ಅಲ್ಲಿಯೂ ಚೀಲ. ಗಿಡ್ಡ ಬಾಗಿಲಿಗೆ ಹೊಸ ಬಿಜಾಗರಿ ಕೂರಿಸಿದ್ದರು. ತೆಗೆದರೆ ಗೋದಾಮಿನ ಸ್ಲ್ಯಾಬು, ಒಂದೇ ಹೆಜ್ಜೆ. ನಮ್ಮ ಅಜ್ಜಿ-ಮುತ್ತಜ್ಜಿಯರು ಮಾನ ಉಳಿಸಿಕೊಳ್ಳಲು ಇಟ್ಟುಕೊಂಡಿದ್ದ ಬಾಗಿಲಿನಿಂದ ನನ್ನ ಅಣ್ಣ ಚೀಲ ಹೊರಿಸುತ್ತಿದ್ದ. ನಾನು ಕಾಲಿನಿಂದ ನೆಲವನ್ನು ಒದ್ದು ನೋಡಿದೆ. ಮತ್ತೆ ಒದ್ದೆ. ಹಿಮ್ಮಡಿ ನೊಂದಿತು, ನೆಲ ಅಲುಗಲಿಲ್ಲ.

ತಿರುಗಿ ಬಂದು ಮುಚ್ಚಳದ ಬಾಯಲ್ಲಿ ಕೂತೆ. ಕೆಳಗೆ ಎಲ್ಲರ ಮುಖ ಮೇಲಕ್ಕಿತ್ತು, ಅತ್ತೆಯದೊಂದನ್ನು ಬಿಟ್ಟು.

“ದಾದಾ, ಆಕಿಗಿ ಹೆಜ್ಜಿ ಸಪ್ಪಳ ಕೇಳ್ತಿತ್ತು. ಖರೆ ಕೇಳ್ತಿತ್ತು.”

“ನೀಲಾ, ಇಳಿ ತೆಳಗ.”

“ಇಷ್ಟು ಚೀಲಾ ತಡದದ ಈ ನೆಲ. ಆಕೀನ್ನ ತಡೀತಿದ್ದಿಲ್ಲೇನು? ಹಿಡಿಯಷ್ಟು ಇದ್ದಾಕಿ.”

“ತೆಳಗ ಹಸಿ ಹಿಡೀತದ, ಅದಕ್ಕ ಇಟ್ಟೀನಿ. ನಂತರ ಮಾತಾಡೂಣು. ಮಂದಿ ಕುಂತಾರ.”

“ಮಂದಿ ಕುಂತಾರ ಅಂತೇ ಹೇಳ್ಲತ್ತೀನಿ. ಚೀಲಾ ಇಳಸ್ರಿ. ಇಳಸೂತನಾ ಆಕಿ ಇಲ್ಲಿಂದ ಏಳಂಗಿಲ್ಲ.”

ಈಗಿನ ಅಯ್ಯನವರು ಹರೆಯದವರು, ಲಿಂಗ ಕೊಟ್ಟ ಅಯ್ಯನವರ ಮಗ. ದಾದಾ ಅವರ ಮುಖ ನೋಡಿದ. ಅವರು ಹೇಳಿದರು:

“ಹುಟ್ಟಿದಾಗ ಕಟ್ಟಿದ್ದು ಮನ್ಯಾಗೇ ಅದ ಅಂದ್ರ ಹ್ಯಾಂಗ ಬಿಟ್ಟ ಹೋಗೂದ್ರೀ ಪಾಟೀಲರೇ? ಹೊತ್ತು ಮುಣಗೂತನಾ ದಾರಿ ನೋಡೂಣು.”

ಕುಣಿ ತೋಡಿದ ಗಂಡಸರೇ ಮೇಲೆ ಬಂದರು. ಚೀಲಗಳು ಗಿಡ್ಡ ಬಾಗಿಲಿನಿಂದ ಸ್ಲ್ಯಾಬಿಗೆ ಹೋದವು. ಅತ್ತೆ ಹೇಳಿದ ಹೆಜ್ಜೆಗಳು ಅವೇ, ಭಾರ ಹೊತ್ತ ಹೆಜ್ಜೆಗಳು, ಏದುಸಿರು. ಕೆಳಗೆ ಕೂತ ಪ್ರತಿಯೊಬ್ಬರಿಗೂ ಅಂದು ಕೇಳಿಸಿದವು. ಗೋಡೆಯ ಬುಡದಲ್ಲಿ ಅತ್ತೆಯ ಪೂಜೆಯ ಮಣೆ ಸಿಕ್ಕಿತು, ಚೀಲದ ಭಾರಕ್ಕೆ ಸೀಳಿತ್ತು. ಲಿಂಗ ಸಿಗಲಿಲ್ಲ. ನಾನು, ಲಕ್ಕವ್ವ ಇಬ್ಬರೂ ಮೊಣಕಾಲೂರಿ ಇಲಿ ಕೆದರಿದ ಮಣ್ಣನ್ನು ಹಿಡಿಹಿಡಿಯಾಗಿ ಜರಡಿ ಹಿಡಿದೆವು. ದಾದಾ ಬಾಗಿಲಲ್ಲಿ ನಿಂತು, ‘ಇಲಿ ಒಯ್ದಿರಬೇಕು’ ಎಂದ. ಯಾರೂ ಅವನ ಕಡೆ ನೋಡಲಿಲ್ಲ. ಬಿಸಿಲು ಕಿಟಕಿಯಿಂದ ಇಳಿದು ಗೋಡೆ ಹತ್ತುವ ಹೊತ್ತಿಗೆ, ಕಂಬದ ಕಲ್ಲಿಗೂ ನೆಲಕ್ಕೂ ನಡುವಿನ ಬಿರುಕಿನಲ್ಲಿ ಲಕ್ಕವ್ವನ ಬೆರಳಿಗೆ ಅದು ತಾಗಿತು. ಅವಳು ತಾನು ತೆಗೆಯಲಿಲ್ಲ. ‘ನೀ ತೆಗಿ, ನಿಮ್ಮದು’ ಎಂದು ಕೈ ಹಿಂದೆ ಮಾಡಿದಳು. ಲಿಂಗದ ಮೇಲಿನ ಕಂತಿ, ಆ ಕರಿ ಲೇಪ, ಒಂದು ಕಡೆ ಎದ್ದಿತ್ತು. ಅಯ್ಯನವರು ತೊಳೆದು, ಒರೆಸಿ, ಬಹಳ ಹೊತ್ತು ತಿರುಗಿಸಿ ನೋಡಿದರು. ‘ಲಿಂಗ ಹಂಗೇ ಅದ’ ಎಂದರು. ಕೊರಳಲ್ಲಿದ್ದದ್ದನ್ನು ಕೊರಳಲ್ಲೇ ಬಿಟ್ಟು, ಇದನ್ನು ಎಡಗೈಯಲ್ಲಿ ಇಟ್ಟು, ಬೆರಳು ಮಡಿಸಿದರು. ಹೊತ್ತು ಮುಳುಗುವ ಮೊದಲು ಹೊಲದಲ್ಲಿ ಮಣ್ಣು ಕೊಟ್ಟೆವು.

ಕೆಲವು ದಿನ ಬಿಟ್ಟು ಅತ್ತೆಯ ಶಿವಗಣಾರಾಧನೆಗೆ ಮತ್ತೆ ಹೋದೆ. ಅಂಗಳದ ತುಂಬ ಪಂಕ್ತಿ. ದಾದಾ ತಾನೇ ಸೊಂಟಕ್ಕೆ ಟವೆಲ್ ಸುತ್ತಿ ಬಕೀಟು ಹಿಡಿದು ಗೋಧಿ ಹುಗ್ಗಿ ಬಡಿಸುತ್ತಿದ್ದ. ಉಮರ್ಗಾದಿಂದ ಬಂದ ಬೀಗರ ಮುಂದೆ ನಿಂತು ಹೇಳುತ್ತಿದ್ದದ್ದು ನನಗೆ ಕೇಳಿಸಿತು.

“ಆಕೀ ಲಿಂಗ ಸಿಗೂತನಾ ಮಣ್ಣು ಕೊಡಂಗಿಲ್ಲ ಅಂದೆ ನೋಡ್ರಿ. ಇಡೀ ಮಾಳಗಿ ಖಾಲಿ ಮಾಡಸ್ದೆ. ಅತ್ತಿ ಅಂದ್ರ ತಾಯಿ ಅಲ್ಲೇನ್ರಿ.”

“ಪುಣ್ಯಾತ್ಮ ಇದ್ದೀರಿ ಬಿಡ್ರಿ,” ಎಂದರು ಬೀಗರು.

ದಾದಾ ಬಗ್ಗಿ ನನ್ನ ಎಲೆಗೆ ಹುಗ್ಗಿ ಹಾಕುತ್ತ, ಎಲ್ಲರಿಗೂ ಕೇಳುವಂತೆ, ‘ಹಂಗೇ ಆಯ್ತಲ್ಲ, ನೀಲಾ?’ ಎಂದ. ನಾನು ತಲೆ ಎತ್ತಿದೆ.

“ಯಾವ ಚೀಲಾ ಇದ್ವು ಅದೂ ಹೇಳು, ದಾದಾ. ಮತ್ತ ನಿನ್ನಿ ಅವು ಎಲ್ಲಿ ಹೋದ್ವು ಅದೂ ಹೇಳು.”

ಚೀಲಗಳು ಹಿಂದಿನ ದಿನವೇ ಅತ್ತೆಯ ಕೋಣೆಗೆ ಮರಳಿದ್ದವು, ಬಂದೊಡನೆ ಲಕ್ಕವ್ವ ಹೇಳಿದ್ದಳು. ಸ್ಲ್ಯಾಬಿನ ಮೇಲಿಂದ ಅವನ್ನು ಹೊತ್ತವರೇ ಪಂಕ್ತಿಯಲ್ಲಿ ಕೂತಿದ್ದರು. ಅವರು ಎಲೆ ನೋಡುತ್ತ ಕೂತರು. ಬೀಗರು ಮಾಳಿಗೆಯ ಕಡೆ ನೋಡಿದರು. ದಾದಾನ ಕೈಯಲ್ಲಿ ಸೌಟು ನಿಂತಿತ್ತು, ಅದರಿಂದ ಹುಗ್ಗಿ ನನ್ನ ಎಲೆಯ ಅಂಚಿಗೆ ತೊಟ್ಟಿಕ್ಕುತ್ತಿತ್ತು.

“ಉಣ್ಣೂ ಹೊತ್ತಿನ್ಯಾಗ ಏನ್ ಮಾತು ಇವು,” ಎಂದ ಸಣ್ಣ ದನಿಯಲ್ಲಿ.

ಅವನು ಗದರಬಹುದು, ಆ ಎರಡು ಮರಾಠಿ ಶಬ್ದ ಬರಬಹುದು ಎಂದು ಕಾದೆ. ಬರಲಿಲ್ಲ. ಉಣ್ಣದೆ ಏಳಬೇಕೆಂದು ಒಂದು ಕ್ಷಣ ಅನಿಸಿತು. ಎದ್ದು ಹೋದರೆ ಅವನಿಗೇ ಹಗುರವಾಗುತ್ತಿತ್ತು. ಅದು ಅತ್ತೆಯ ಹೆಸರಿನ ಊಟ, ಅವನದಲ್ಲ. ಹುಗ್ಗಿ ಕಲಸಿ ಉಂಡೆ, ಎಲೆ ಬರಿದಾಗುವವರೆಗೆ ಉಂಡೆ. ಅವನು ಅಷ್ಟರಲ್ಲಿ ಪಂಕ್ತಿಯ ಆ ತುದಿಗೆ ಹೋಗಿದ್ದ.

“ದಾದಾ,” ಎಂದು ಕರೆದೆ, “ಇನ್ನಷ್ಟು ನೀಡು.”

ಅವನು ಎಲ್ಲರ ಎದುರು ಅಷ್ಟು ದೂರ ನಡೆದು ಬಂದು ನನ್ನ ಮುಂದೆ ಮತ್ತೆ ಬಗ್ಗಬೇಕಾಯಿತು.